ಇಟ್ಟಿಗೆ ಯಂತ್ರಗಳ ಆಸೆಪಟ್ಟಿ: ಲೆಗೊ ಟೆಕ್ನಿಕ್ ಅಭಿಮಾನಿಗಳು ಕೇಳುತ್ತಾ ಬಂದಿದ್ದೇನು?

1/8

ಹೋದ ಬೇಸಿಗೇಲಿ ನಮ್ಮೂರ ಕೆರೆ ಹೂಳೆತ್ತೋಕೆ ಜೆಸಿಬಿ ಬಂದಿತ್ತು. ಅಕ್ಕನ ಮಗನಿಗೆ ಏಳು ವರ್ಷ. ತಿಂಡಿ ತಿಂದು ಕೆರೆ ಏರಿ ಮೇಲೆ ಕೂತವನು ಊಟದ ಹೊತ್ತಾದ್ರೂ ಏಳಲಿಲ್ಲ. ಮನೆಗೆ ಎಳ್ಕೊಂಡು ಬಂದ ಮೇಲೆ ಎರಡು ಪ್ರಶ್ನೆ ಕೇಳಿದ.

"ಮಾಮ, ಇದು ಲೆಗೊದಲ್ಲಿ ಸಿಗುತ್ತಾ?"

"ಅದರ ಕೈ ಹೆಂಗೆ ಮಡಚ್ಕೊಳ್ಳುತ್ತೆ?"

ಮೊದಲನೆಯದು ಆಸೆ, ಎರಡನೆಯದು ಕುತೂಹಲ, ಎರಡೂ ಬೇರೆ ಬೇರೆ ಅಂದುಕೊಂಡಿದ್ದೆ. ಆಮೇಲೆ ಲೆಗೊ ವಾಹನ, ಯಂತ್ರಗಳ ಕಥೆ ಹುಡುಕ್ತಾ ಹೋದೆ. ಪ್ರಪಂಚದ ಬೇರೆ ಬೇರೆ ಕಡೆಯ ಅಭಿಮಾನಿಗಳು 'ಮುಂದಿನ ಸೆಟ್ ಹೀಗಿರಲಿ' ಅಂತ ಬರೆಯೋ ಪಟ್ಟಿಗಳಲ್ಲೂ ಇವೆರಡು ಜೊತೆಗೇ ಇರುತ್ತವೆ. ಯಾವ ಯಂತ್ರ ಬೇಕು ಅನ್ನೋದು ಒಂದು. ಅದು ಒಳಗಿಂದ ಹೇಗೆ ಕೆಲಸ ಮಾಡಬೇಕು ಅನ್ನೋದು ಇನ್ನೊಂದು. ಮೊದಲನೆಯದನ್ನು ಕಂಪನಿ ಆಗಾಗ ಈಡೇರಿಸಿದೆ. ತಕರಾರು ಇರೋದು ಎರಡನೆಯದರಲ್ಲಿ. ಆ ತಕರಾರಿನ ಚರಿತ್ರೆಯೇ ಈ ಎಂಟು ಪೋಸ್ಟ್‌ಗಳ ಸರಣಿ. ಸೇವ್ ಮಾಡಿಟ್ಕೊಳ್ಳಿ, ನಿಧಾನಕ್ಕೆ ಓದಿ.

2/8

ಲೆಗೊ ಶುರುವಾಗಿದ್ದು ಪ್ಲಾಸ್ಟಿಕ್‌ನಿಂದ ಅಲ್ಲ, ಮರದಿಂದ. ಡೆನ್ಮಾರ್ಕಿನ ಬಿಲುಂಡ್ ಅನ್ನೋ ಹಳ್ಳಿಯಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಎಂಬ ಬಡಗಿ 1932ರಲ್ಲಿ ಮರದ ಆಟಿಕೆ ಮಾಡೋಕೆ ಶುರು ಮಾಡಿದ. ನಾವು ಇವತ್ತು ನೋಡುವ, ಒಂದಕ್ಕೊಂದು ಕಚ್ಚಿಕೊಳ್ಳುವ ಇಟ್ಟಿಗೆಗೆ ಅವನ ಮಗ ಗಾಟ್‌ಫ್ರೆಡ್ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು.

ಇಟ್ಟಿಗೆ ಗೋಡೆ ಕಟ್ಟೋಕೆ ಸರಿ, ಮನೆ ಕಟ್ಟೋಕೂ ಸರಿ. ಆದ್ರೆ ಯಂತ್ರಕ್ಕೆ ತಿರುಗೋ ಭಾಗ ಬೇಕಲ್ಲ? ಅದಕ್ಕೆ ಉತ್ತರವಾಗಿ 1977ರಲ್ಲಿ ಹೊಸ ಸಾಲು ಬಂತು. ಟೆಕ್ನಿಕ್ ಅನ್ನೋ ಹೆಸರು ಅದಕ್ಕೆ ಆಮೇಲೆ ಸೇರಿದ್ದು. ಪಕ್ಕದಲ್ಲಿ ತೂತು ಇರುವ ಉದ್ದನೆಯ ಇಟ್ಟಿಗೆ, ತೂತಿನಲ್ಲಿ ತೂರುವ ಆಕ್ಸೆಲ್, ಆಕ್ಸೆಲ್‌ಗೆ ಸಿಕ್ಕಿಸುವ ಗೇರ್. ಆ ವರ್ಷ ಬಂದವುಗಳಲ್ಲಿ ಫೋರ್ಕ್‌ಲಿಫ್ಟ್ (850), ಟ್ರ್ಯಾಕ್ಟರ್ (851), ಹೆಲಿಕಾಪ್ಟರ್ (852), ಕಾರಿನ ಚಾಸಿ (853) ಇದ್ದವು.

ಫೋಟೊದಲ್ಲಿರೋ 853 ನೋಡಿ. ಬಾನೆಟ್ ಇಲ್ಲ, ಬಾಗಿಲಿಲ್ಲ, ಬಣ್ಣದ ಮೈ ಇಲ್ಲ. ಗಾಡಿ ತಳ್ಳಿದರೆ ಪಿಸ್ಟನ್ ಮೇಲೆ ಕೆಳಗೆ ಓಡುತ್ತೆ, ಸ್ಟಿಯರಿಂಗ್ ತಿರುಗಿಸಿದರೆ ಮುಂದಿನ ಚಕ್ರ ತಿರುಗುತ್ತೆ. 1980ರ 8860 ಚಾಸಿಯಲ್ಲಿ ಡಿಫರೆನ್ಷಿಯಲ್ ಕೂಡ ಬಂತು. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ಸುತ್ತಬೇಕು, ಆ ಲೆಕ್ಕ ಸರಿದೂಗಿಸೋದು ಡಿಫರೆನ್ಷಿಯಲ್. ಎಷ್ಟೋ ಮಕ್ಕಳು ಅದನ್ನ ಪುಸ್ತಕದಲ್ಲಿ ಓದೋ ಮೊದಲೇ ಕೈಯಲ್ಲಿ ಹಿಡಿದು ನೋಡಿದ್ರು.

3/8

ಈಗ ಅಕ್ಕನ ಮಗನ ಎರಡನೇ ಪ್ರಶ್ನೆಗೆ ಬರೋಣ. ಜೆಸಿಬಿ ಕೈ ಮಡಚೋದು ಎಣ್ಣೆಯ ಒತ್ತಡದಿಂದ. ಸಿಲಿಂಡರ್ ಒಳಗೆ ಎಣ್ಣೆ ನುಗ್ಗಿದರೆ ಪಿಸ್ಟನ್ ಹೊರಗೆ ಬರುತ್ತೆ, ಕೈ ಚಾಚುತ್ತೆ ಇಲ್ಲವೇ ಮಡಚುತ್ತೆ. ಆಟಿಕೆಯಲ್ಲಿ ಎಣ್ಣೆ ತುಂಬೋಕಾಗಲ್ಲ. ಹಾಗಾಗಿ 1984ರಲ್ಲಿ ಲೆಗೊ ಗಾಳಿಯನ್ನ ತಂತು. ಪುಟ್ಟ ಪಂಪ್, ರಬ್ಬರ್ ಟ್ಯೂಬ್, ವಾಲ್ವ್, ಸಿಲಿಂಡರ್. ಪಂಪ್ ಒತ್ತಿ, ವಾಲ್ವ್ ತಿರುಗಿಸಿ, ಕೈ ಎದ್ದೇಳುತ್ತೆ. ಇದಕ್ಕೆ ನ್ಯೂಮ್ಯಾಟಿಕ್ಸ್ ಅಂತಾರೆ.

ನಾವು ಯಾವ ಕಂಪನಿಯದಾದ್ರೂ 'ಜೆಸಿಬಿ' ಅಂತಲೇ ಕರೆಯೋ ಬ್ಯಾಕ್‌ಹೋ ಲೋಡರ್ ಲೆಗೊದಲ್ಲಿ ಹಲವು ಸಲ ಬಂದಿದೆ. 2003ರ 8455 ಅನ್ನು ಹಳೆಯ ಅಭಿಮಾನಿಗಳು ಇವತ್ತಿಗೂ ನೆನೆಸ್ಕೋತಾರೆ. ಮುಂದಿನ ಬಕೆಟ್ಟು, ಹಿಂದಿನ ಕೈ ಎಲ್ಲ ಗಾಳಿಯಲ್ಲೇ ಓಡ್ತಿತ್ತು.

2008ರಲ್ಲಿ ಲೀನಿಯರ್ ಆಕ್ಚುಯೇಟರ್ ಬಂತು. ಒಳಗೆ ಸ್ಕ್ರೂ ಇರೋ ಕೊಳವೆ ಅದು. ತಿರುಗಿಸಿದಷ್ಟು ನಿಧಾನವಾಗಿ ಉದ್ದ ಆಗುತ್ತೆ, ಬಿಟ್ಟಲ್ಲೇ ನಿಲ್ಲುತ್ತೆ. ಗಾಳಿ ಹಾಗಲ್ಲ, ಅಮುಕಿದರೆ ಕುಗ್ಗುತ್ತೆ, ಕೈ ಎಗರಿ ಎಗರಿ ಏಳುತ್ತೆ. ಲೆಕ್ಕ ಹಾಕಿದರೆ ಹೊಸದೇ ಮೇಲು. 2011ರ ಬ್ಯಾಕ್‌ಹೋ 8069ರಲ್ಲಿ ಗಾಳಿ ಇರಲಿಲ್ಲ. ಆದ್ರೂ ಆಸೆಪಟ್ಟಿಗಳಲ್ಲಿ 'ಗಾಳಿ ವಾಪಸ್ ಬರಲಿ' ಅನ್ನೋ ಸಾಲು ಅಳಿಸಿಲ್ಲ. ಯಾಕಂದ್ರೆ ನಿಜವಾದ ಯಂತ್ರದ ಕೊಳವೆ, ವಾಲ್ವ್, ಸಿಲಿಂಡರ್ ಹಾಗೇ ಕಾಣೋದು ಅದರಲ್ಲಿ.

4/8

ಆಸೆ ಇದ್ದರೆ ಸಾಕಾ? ಕಂಪನಿ ಕಿವಿಗೆ ಬೀಳಬೇಕಲ್ಲ. ಅದಕ್ಕೊಂದು ದಾರಿ ತೆರೆದದ್ದು ಜಪಾನಿನಲ್ಲಿ, 2008ರಲ್ಲಿ. ಹೆಸರು ಲೆಗೊ ಕೂಸೋ. ಜಪಾನಿ ಭಾಷೆಯಲ್ಲಿ ಕೂಸೋ ಅಂದ್ರೆ ಕಲ್ಪನೆ. ನಿಯಮ ಸರಳ: ನಿಮ್ಮ ಮಾದರಿ ಹಾಕಿ, 1000 ಜನ ಬೆಂಬಲಿಸಿದರೆ ಕಂಪನಿ ಕೂತು ಪರಿಶೀಲಿಸುತ್ತೆ.

ಹೀಗೆ ಮೊದಲು ಗೆದ್ದು ಅಂಗಡಿಗೆ ಬಂದದ್ದು ಕೋಟೆಯೂ ಅಲ್ಲ, ಸಿನಿಮಾ ಹೀರೋನೂ ಅಲ್ಲ. ಶಿಂಕಾಯ್ 6500 ಅನ್ನೋ ಜಲಾಂತರ್ವಾಹನ! 6500 ಮೀಟರ್ ಆಳಕ್ಕೆ ಇಳಿಯುವ ಜಪಾನಿನ ಸಂಶೋಧನಾ ನೌಕೆ ಅದು. 2011ರಲ್ಲಿ ಜಪಾನಿನಲ್ಲಿ ಮಾತ್ರ ಮಾರಾಟವಾಯಿತು. ಎರಡನೆಯದು ಹಯಾಬುಸಾ, ಇಟೊಕಾವಾ ಕ್ಷುದ್ರಗ್ರಹದಿಂದ ಧೂಳಿನ ಕಣ ಹೊತ್ತು 2010ರಲ್ಲಿ ಭೂಮಿಗೆ ವಾಪಸಾದ ಗಗನನೌಕೆ.

ಗಮನಿಸಿ, ಜನಕ್ಕೆ ಕೇಳೋ ಅವಕಾಶ ಕೊಟ್ಟಾಗ ಮೊದಲ ಎರಡು ಸಲವೂ ಕೇಳಿದ್ದು ಕೆಲಸ ಮಾಡೋ ಯಂತ್ರವನ್ನೇ.

2011ರಲ್ಲಿ ಇದು ಎಲ್ಲ ದೇಶಕ್ಕೂ ತೆರೆದುಕೊಂಡಿತು. ಬೇಕಾದ ಬೆಂಬಲ 10,000ಕ್ಕೆ ಏರಿತು. 2014ರಲ್ಲಿ ಹೆಸರು ಲೆಗೊ ಐಡಿಯಾಸ್ ಆಯಿತು. ಗೆದ್ದ ಅಭಿಮಾನಿಗೆ ನಿವ್ವಳ ಮಾರಾಟದ ಶೇ. 1 ಪಾಲು. ಆದ್ರೆ 10,000 ದಾಟಿದ ಮಾತ್ರಕ್ಕೆ ಸೆಟ್ ಆಗಲ್ಲ. ಪರಿಶೀಲನೆಯಲ್ಲಿ ಬಿದ್ದುಹೋಗುವವೇ ಹೆಚ್ಚು.

5/8

ಐಡಿಯಾಸ್ ದಾರಿಯಲ್ಲಿ ಬಂದ ವಾಹನಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು 2016ರ ಕೇಟರ್‌ಹ್ಯಾಮ್ ಸೆವೆನ್ 620ಆರ್, 771 ತುಂಡುಗಳ ಪುಟ್ಟ ಕಾರು. ವಿಶೇಷ ಏನ್ ಗೊತ್ತಾ? ಬ್ರಿಟನ್ನಿನ ಈ ನಿಜವಾದ ಕಾರನ್ನೂ ಬಿಡಿಭಾಗಗಳಾಗಿ ಕೊಂಡು ಮನೆ ಗ್ಯಾರೇಜಿನಲ್ಲಿ ಜೋಡಿಸಿಕೊಳ್ಳಬಹುದು!

ಆದ್ರೆ ದೊಡ್ಡ ದೊಡ್ಡ ಟೆಕ್ನಿಕ್ ಯಂತ್ರಗಳು ಮತದಿಂದ ಬಂದವಲ್ಲ. ಅವುಗಳ ದಾರಿ ಬೇರೆ, ನಿಜವಾದ ಯಂತ್ರ ತಯಾರಿಸೋ ಕಂಪನಿ ಜೊತೆ ಒಪ್ಪಂದ. 2011ರಲ್ಲಿ ಮರ್ಸಿಡಿಸ್ ಬೆಂಜ್ ಯೂನಿಮಾಗ್ ಬಂತು, 2048 ತುಂಡು, ಕ್ರೇನಿಗೆ ಗಾಳಿ ಸಿಲಿಂಡರ್ ಸಮೇತ. 2014ರಲ್ಲಿ ವೋಲ್ವೊ ಎಲ್350ಎಫ್ ಲೋಡರ್. ಇದೇ ವೋಲ್ವೊ ಗುಂಪು ನಮ್ಮ ಬೆಂಗಳೂರಿನ ಪೀಣ್ಯದಲ್ಲೂ ರಸ್ತೆ ಕೆಲಸದ ಯಂತ್ರ ತಯಾರಿಸುತ್ತೆ. 2016ರಲ್ಲಿ ಕ್ಲಾಸ್ ಟ್ರ್ಯಾಕ್ಟರ್, 2019ರಲ್ಲಿ ಲೀಬ್‌ಹೆರ್ ಅಗೆಯೋ ಯಂತ್ರ, 2021ರಲ್ಲಿ ಕ್ಯಾಟ್ ಡಿ11 ಬುಲ್‌ಡೋಜರ್.

ಒಪ್ಪಂದದಿಂದ ಅನುಕೂಲ ಇದೆ. ನಿಜವಾದ ಹೆಸರು, ಬಣ್ಣ, ಅಳತೆ ಸಿಗುತ್ತೆ. ಕಷ್ಟ ಏನಂದ್ರೆ, ಒಪ್ಪಂದಕ್ಕೆ ಬಾರದ ಯಂತ್ರಕ್ಕೆ ಅದರ ಹೆಸರಲ್ಲಿ ಜಾಗ ಸಿಗಲ್ಲ. ಕಬ್ಬು ಕಟಾವು ಯಂತ್ರವನ್ನೋ, ಕೆಜಿಎಫ್‌ನಲ್ಲಿ ತಯಾರಾಗುವ ಬಿಇಎಂಎಲ್ ಬುಲ್‌ಡೋಜರನ್ನೋ ಬಿಲುಂಡ್‌ನಲ್ಲಿ ಕೂತವರಿಗೆ ಯಾರು ನೆನಪಿಸಬೇಕು?

6/8

ಕೇಳಿದ್ದೆಲ್ಲ ಕೊಡಬೇಕಾ? ಇಲ್ಲಿ ಒಂದು ದೊಡ್ಡ ಪ್ರಸಂಗ ಇದೆ.

ಇವತ್ತಿನ ಸೇನೆಯ ನಿಜವಾದ ಆಯುಧ, ವಾಹನಗಳನ್ನ ಹೋಲುವ ಆಟಿಕೆ ಮಾಡಲ್ಲ ಅನ್ನೋದು ಲೆಗೊ ಇಟ್ಟುಕೊಂಡ ನೀತಿ. ಮೊದಲ ಮಹಾಯುದ್ಧದ ಸಾಪ್‌ವಿತ್ ಕ್ಯಾಮಲ್ ವಿಮಾನ 2001ರಲ್ಲೂ 2012ರಲ್ಲೂ ಬಂದಿದೆ, ನಿಜ. ಆದ್ರೆ ಟ್ಯಾಂಕ್ ಬೇಕು, ಯುದ್ಧವಿಮಾನ ಬೇಕು ಅನ್ನೋ ಅಭಿಮಾನಿಗಳು ಕಾಯ್ತಾನೇ ಇದ್ದಾರೆ.

2020ರಲ್ಲಿ ಟೆಕ್ನಿಕ್ 42113 ಸಿದ್ಧವಾಯಿತು, ಬೆಲ್ ಬೋಯಿಂಗ್ ವಿ-22 ಆಸ್ಪ್ರೆ. ಹೆಲಿಕಾಪ್ಟರಿನ ಹಾಗೆ ನೇರ ಮೇಲೆದ್ದು, ರೆಕ್ಕೆ ತುದಿಯ ಫ್ಯಾನ್ ಮುಂದಕ್ಕೆ ವಾಲಿಸಿಕೊಂಡು ವಿಮಾನದಂತೆ ಹಾರೋ ಗಾಡಿ. ಆ ವಾಲುವ ಕೆಲಸವೇ ಟೆಕ್ನಿಕ್ ಅಭಿಮಾನಿಗಳಿಗೆ ಹಬ್ಬ. ಲೆಗೊ ಅದಕ್ಕೆ ರಕ್ಷಣಾ ಕಾರ್ಯಾಚರಣೆಯ ಬಣ್ಣ ಬಳಿದಿತ್ತು. ಜರ್ಮನಿಯ ಒಂದು ಯುದ್ಧವಿರೋಧಿ ಸಂಘಟನೆ ಪ್ರತಿಭಟಿಸಿತು: ಬಣ್ಣ ಏನೇ ಇರಲಿ, ಇದನ್ನ ಬಳಸೋದು ಸೇನೆ ಮಾತ್ರ. ಬಿಡುಗಡೆಗೆ ಕೆಲವೇ ದಿನ ಇರುವಾಗ, ಜುಲೈನಲ್ಲಿ, ಲೆಗೊ ಸೆಟ್ ವಾಪಸ್ ತಗೊಂಡಿತು.

ಎಷ್ಟೋ ಜನ ಬೇಜಾರು ಮಾಡ್ಕೊಂಡ್ರು. ನನಗೂ ಆ ಯಂತ್ರ ನೋಡಿದರೆ ಆಸೆ ಆಗುತ್ತೆ. ಆದ್ರೂ ಕಂಪನಿ ಮಾಡಿದ್ದು ಸರಿ ಅನ್ಸುತ್ತೆ. ಯಂತ್ರ ಹೇಗೆ ಕೆಲಸ ಮಾಡುತ್ತೆ ಅಂತ ಕಲಿಸೋ ಆಟಿಕೆ, ಅದು ಯಾವ ಕೆಲಸ ಮಾಡುತ್ತೆ ಅನ್ನೋದನ್ನ ಮರೆಮಾಚಬಾರದು.

7/8

ಈಗ ಇವತ್ತಿನ ದೊಡ್ಡ ತಕರಾರು: ಫೋನ್.

2010ರ ಎಕ್ಸ್‌ಕವೇಟರ್ 8043ರಲ್ಲಿ ನಾಲ್ಕು ಮೋಟರ್ ಇದ್ವು, ಓಡಿಸೋಕೆ ಕೈಯಲ್ಲಿ ಹಿಡಿಯೋ ರಿಮೋಟ್. 2019ರ ಲೀಬ್‌ಹೆರ್ ಆರ್ 9800ರಲ್ಲಿ 4108 ತುಂಡು, ಏಳು ಮೋಟರ್. ಗಣಿಯಲ್ಲಿ ಕೆಲಸ ಮಾಡೋ ನಿಜವಾದ ಯಂತ್ರ ಸುಮಾರು 800 ಟನ್ ತೂಗುತ್ತೆ. ಆಟಿಕೆಯೂ ಭರ್ಜರಿ. ಆದ್ರೆ ಓಡಿಸಬೇಕಂದ್ರೆ ಮೊಬೈಲ್ ಆ್ಯಪ್ ಬೇಕೇ ಬೇಕು.

ಅಭಿಮಾನಿಗಳ ಚಿಂತೆ ಎರಡು. ಒಂದು, ಆ್ಯಪ್ ನಾಳೆ ಇರುತ್ತಾ? ಇದು ಸುಮ್ಮನೆ ಹೆದರಿಕೆ ಅಲ್ಲ. 1998ರಲ್ಲಿ ಶುರುವಾದ ಮೈಂಡ್‌ಸ್ಟಾರ್ಮ್ಸ್ ರೋಬೋಟ್ ಸಾಲನ್ನೇ ಲೆಗೊ 2022ರ ಕೊನೆಗೆ ನಿಲ್ಲಿಸಿಬಿಟ್ಟಿತು. ಇನ್ನೊಂದು ಅದಕ್ಕಿಂತ ಮುಖ್ಯ. ಪ್ರತಿ ಕೀಲಿಗೂ ಒಂದೊಂದು ಮೋಟರ್ ಕೂರಿಸಿದರೆ, ಒಂದೇ ಮೋಟರಿನ ಶಕ್ತಿಯನ್ನ ಗೇರ್ ಬದಲಿಸಿ ನಾಲ್ಕು ಕಡೆ ಹಂಚೋ ಜಾಣ್ಮೆ ಬೇಕಾಗಲ್ಲ. ಸ್ಕ್ರೀನ್ ಮುಟ್ಟಿದ್ರೆ ಕೈ ಎದ್ದೇಳುತ್ತೆ. ಯಾಕೆ ಎದ್ದಿತು ಅಂತ ಕಣ್ಣಿಗೆ ಕಾಣಲ್ಲ.

1977ರ ಚಾಸಿಗೆ ಅಪ್‌ಡೇಟ್ ಬೇಕಿಲ್ಲ. ಇವತ್ತು ಡಬ್ಬಿಯಿಂದ ತೆಗೆದು ತಳ್ಳಿದ್ರೂ ಪಿಸ್ಟನ್ ಓಡುತ್ತೆ.

ಕಂಪನಿಗೆ ಇದು ಗೊತ್ತಿಲ್ಲ ಅಂತಲ್ಲ. 2021ರ ಟೋ ಟ್ರಕ್ 42128ರಲ್ಲಿ ಮೋಟರ್ ಇಲ್ಲ, ಕೈ ಪಂಪಿನ ಗಾಳಿ ಇದೆ. ಅಂದ್ರೆ ಆಸೆಪಟ್ಟಿಯ ಆ ಹಳೇ ಸಾಲು ಪೂರ್ತಿ ಕಸದಬುಟ್ಟಿಗೆ ಹೋಗಿಲ್ಲ.

8/8

ಕಂಪನಿ ಕೊಡದೇ ಇದ್ದದ್ದನ್ನ ಅಭಿಮಾನಿಗಳು ತಾವೇ ಕಟ್ಟಿಕೊಂಡ್ರು. ಸ್ವಂತ ವಿನ್ಯಾಸಕ್ಕೆ ಅವರಲ್ಲಿ ಎಂಒಸಿ ಅನ್ನೋ ಹೆಸರು, 'ನನ್ನದೇ ಸೃಷ್ಟಿ' ಅಂತ ಅರ್ಥ. ಬಿಡಿ ತುಂಡು ಕೊಳ್ಳೋಕೆ, ಮಾರೋಕೆ ಒಬ್ಬ ಅಭಿಮಾನಿ 2000ದಲ್ಲಿ ಶುರು ಮಾಡಿದ ಬ್ರಿಕ್‌ಲಿಂಕ್ ಮಾರುಕಟ್ಟೆಯನ್ನ 2019ರಲ್ಲಿ ಲೆಗೊ ಕಂಪನಿಯೇ ಕೊಂಡುಕೊಂಡಿತು.

ನಾವೂ ಹಾಗೇ ಮಾಡಿದ್ವಿ. ದೊಡ್ಡ ಟೆಕ್ನಿಕ್ ಸೆಟ್ ಬೆಲೆ ನಮ್ಮಂಥ ಮನೆಗೆ ಭಾರ. ಒಂದು ಭಾನುವಾರ ರಟ್ಟು, ಐಸ್‌ಕ್ರೀಮ್ ಕಡ್ಡಿ, ಸೂಜಿ ಇಲ್ಲದ ಆರು ಸಿರಿಂಜ್, ಸಣ್ಣ ಪೈಪ್ ತಗೊಂಡು ಕೂತ್ವಿ. ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ನೀವೂ ನೋಡಿರ್ತೀರ, ಅದೇ ರಟ್ಟಿನ ಜೆಸಿಬಿ. ಮೊದಲು ಬರೀ ಗಾಳಿಯಲ್ಲಿ ಒತ್ತಿದ. ಕೈ ನಡುಗುತ್ತಾ ಎದ್ದಿತು. ಆಮೇಲೆ ಬಣ್ಣದ ನೀರು ತುಂಬಿದ್ವಿ. ನೀರು ಗಾಳಿ ಥರ ಕುಗ್ಗಲ್ಲ, ಒತ್ತಿದಷ್ಟೇ ಎದ್ದಿತು, ಬಿಟ್ಟಲ್ಲೇ ನಿಂತಿತು.

"ಓ, ಇದಕ್ಕೇ ಅದರಲ್ಲಿ ಎಣ್ಣೆ ಹಾಕೋದಾ!" ಅಂದ.

ಎರಡನೇ ಪ್ರಶ್ನೆಗೆ ಉತ್ತರ ಸಿಕ್ತು. ಮೊದಲನೇದು ಮಾತ್ರ ಅವನು ಬಿಟ್ಟಿಲ್ಲ. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದಿಟ್ಟಿದ್ದಾನೆ: 'ಲೆಗೊ ಜೆಸಿಬಿ, ದೊಡ್ಡದು, ಫೋನ್ ಬೇಡ, ಪಂಪ್ ಇರಬೇಕು.'

ನಿಮ್ಮ ಪಟ್ಟಿಯಲ್ಲಿ ಯಾವ ಯಂತ್ರ ಇದೆ? ಕಬ್ಬಿನ ಲಾರಿನಾ, ಬೋರ್‌ವೆಲ್ ಗಾಡಿನಾ, ಭತ್ತ ಕೊಯ್ಯೋ ಯಂತ್ರನಾ? ಅದರಲ್ಲಿ ಯಾವ ಭಾಗ ಓಡಬೇಕು ಅನ್ನೋದನ್ನೂ ಕಾಮೆಂಟಲ್ಲಿ ಬರೀರಿ.

#ಆಟಿಕೆಚರಿತ್ರೆ #ಲೆಗೊಟೆಕ್ನಿಕ್ #ಯಂತ್ರಗಳಕಥೆ #ಕನ್ನಡದಲ್ಲಿಇತಿಹಾಸ