ಲಾಗ ಹಾಕುವ ಪಾರಿವಾಳ: ಒಂದು ಸಾಕಣೆಯ ಚರಿತ್ರೆ

ಪ್ರಾಣಿಪಕ್ಷಿಗಳನ್ನು ಕುರಿತ ನಮ್ಮ ಜಾನಪದ ಅಧ್ಯಯನಗಳು ಕೋಳಿ ಅಂಕ, ಟಗರಿನ ಕಾಳಗ, ಕಂಬಳಗಳಿಗೆ ಕೊಟ್ಟಷ್ಟು ಗಮನವನ್ನು ಪಾರಿವಾಳ ಸಾಕಣೆಗೆ ಕೊಟ್ಟಿಲ್ಲ. ಅದು ಪೇಟೆಯ ಪೋಕರಿ ಹುಡುಗರ ಕಾಲಹರಣವೆಂಬ ತಾತ್ಸಾರ ಒಂದು ಕಡೆ, ಅರಮನೆಯ ವಿಲಾಸವೆಂಬ ತಿಳಿವಳಿಕೆ ಇನ್ನೊಂದು ಕಡೆ. ಇವೆರಡರ ನಡುವೆ ಹಕ್ಕಿಯನ್ನು ಸಾಕುವವನ ಅರಿವು ಮರೆಯಾಗಿದೆ. ಹಾರುತ್ತಲೇ ಹಿಂದಕ್ಕೆ ಲಾಗ ಹಾಕುವ, ನೆಲದ ಮೇಲೆ ಉರುಳುವ ಪಾರಿವಾಳಗಳ ವಿಷಯದಲ್ಲಂತೂ ಈ ಮರೆವು ಸಣ್ಣದಲ್ಲ. ಆ ತಳಿಗಳು ಬದುಕಿ ಉಳಿದಿರುವುದೇ ಆ ಅರಿವಿನಿಂದ.

ಕನ್ನಡ ನಾಡಿನಲ್ಲಿ ಪಾರಿವಾಳ ವಿನೋದದ ಪಕ್ಷಿಯಾಗಿತ್ತೆಂಬುದಕ್ಕೆ ಮೊಗಲರಿಗಿಂತ ನಾಲ್ಕು ಶತಮಾನ ಹಿಂದಿನ ಆಧಾರವಿದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ (ಆಳ್ವಿಕೆ 1126-1138) ‘ಮಾನಸೋಲ್ಲಾಸ’ ಹೇಳುವ ಇಪ್ಪತ್ತು ವಿನೋದಗಳಲ್ಲಿ ಪಾರಾವತ ವಿನೋದವೂ ಒಂದು. ಕೋಳಿ, ಲಾವುಗೆ, ಟಗರು, ಕೋಣಗಳಾದ ಮೇಲೆ ಅದರ ಸರದಿ. ಇಷ್ಟನ್ನೇ ಹಿಡಿದು ಲಾಗದ ಪಾರಿವಾಳ ಕಲ್ಯಾಣದಲ್ಲೇ ಹುಟ್ಟಿತೆಂದು ಸಾಧಿಸಹೊರಡುವುದು ಅವಸರವಾದೀತು. ಅಂಥ ಅವಸರಕ್ಕೆ ನಮ್ಮ ಸ್ಥಳಾಭಿಮಾನದ ಬರಹಗಳಲ್ಲಿ ಕೊರತೆಯೇನಿಲ್ಲ.

ಸ್ಪಷ್ಟವಾದ ವಿವರಗಳು ದೊರೆಯುವುದು 16ನೆಯ ಶತಮಾನದ ಕೊನೆಯಲ್ಲಿ ಸಿದ್ಧವಾದ ಅಬುಲ್ ಫಜಲನ ‘ಐನ್-ಇ-ಅಕ್ಬರಿ’ಯಲ್ಲಿ. ಪಾರಿವಾಳದ ಗೀಳು ಆ ವಂಶಕ್ಕೆ ಹೊಸದಲ್ಲ. ಬಾಬರನ ತಂದೆ ಉಮರ್ ಶೇಖ್ ಮಿರ್ಜಾ 1494ರಲ್ಲಿ ಅಖ್ಸಿ ಕೋಟೆಯಲ್ಲಿ ಪಾರಿವಾಳದ ಮನೆಯೊಂದಿಗೆ ಕಂದರಕ್ಕೆ ಕುಸಿದು ಸತ್ತವನು. ಅಕ್ಬರ್ ಈ ಆಟವನ್ನು ‘ಇಶ್ಕ್‌ಬಾಜಿ’ ಎಂದು ಕರೆದ. ಆಸ್ಥಾನದಲ್ಲಿ 20,000ಕ್ಕೂ ಮೇಲ್ಪಟ್ಟು ಹಕ್ಕಿಗಳಿದ್ದು, ಅವುಗಳಲ್ಲಿ 500 ಆಯ್ದ ‘ಖಾಸಾ’ ಹಕ್ಕಿಗಳು. ಇಂಥ ಒಂದು ಹಕ್ಕಿ ಒಮ್ಮೆಗೆ 15 ‘ಚರ್ಖ್’, 70 ‘ಬಾಜಿ’ಗಳನ್ನು ಮಾಡುತ್ತಿತ್ತಂತೆ. ಮೈಯನ್ನು ಪೂರ್ತಿ ಒಂದು ಸುತ್ತು ತಿರುಗಿಸಿದರೆ ಚರ್ಖ್. ಬೆನ್ನು ಕೆಳಗಾಗಿ ಕಾಲು ಮೇಲಾಗಿ ಥಟ್ಟನೆ ಮಗುಚಿಕೊಂಡರೆ ಬಾಜಿ. ಸುತ್ತು ಪೂರ್ಣಗೊಳ್ಳದಿದ್ದರೆ ಅದಕ್ಕೆ ‘ಕತಿಫ್’ ಎಂಬ ಬೇರೆ ಹೆಸರು, ಅದಕ್ಕೆ ಮನ್ನಣೆಯಿಲ್ಲ. ಇಷ್ಟು ಸೂಕ್ಷ್ಮವಾದ ಪದಸಂಪತ್ತು ಆಸ್ಥಾನ ಲೇಖಕನ ಲೇಖನಿಯಲ್ಲಿ ಹುಟ್ಟಿದ್ದೆಂದು ನನಗೆ ತೋರುವುದಿಲ್ಲ. ದಿನವೂ ಮಾಳಿಗೆಯ ಮೇಲೆ ನಿಂತು ಕತ್ತೆತ್ತಿ ನೋಡಿದವರ ನುಡಿ ಇದು. ಜನಸಾಮಾನ್ಯರಿಗೆ ಇದು ಬರಿಯ ಕಾಲಕ್ಷೇಪ, ದೊರೆಗೆ ಮಾತ್ರ ಅಧ್ಯಯನದ ವಿಷಯ ಎಂಬ ಧಾಟಿಯಲ್ಲಿ ಅಬುಲ್ ಫಜಲ್ ಬರೆಯುತ್ತಾನೆ. ಅವನು ಬಳಸಿದ ಪದಗಳೇ ಅದನ್ನು ಅಲ್ಲಗಳೆಯುತ್ತವೆ.

ಅದೇ ಗ್ರಂಥದಲ್ಲಿ ‘ಲೋಟನ್’ ಎಂಬ ತಳಿಯ ಉಲ್ಲೇಖವಿದೆ. ಈ ಹಕ್ಕಿಯನ್ನು ಕೈಯಲ್ಲಿ ಹಿಡಿದು ಮೆಲ್ಲನೆ ಅಲುಗಿಸಿ ನೆಲಕ್ಕೆ ಬಿಟ್ಟರೆ ಅದು ಉರುಳತೊಡಗುತ್ತದೆ. ಚಾರ್ಲ್ಸ್ ಡಾರ್ವಿನ್ ಸಾಕುಪ್ರಾಣಿಗಳ ವ್ಯತ್ಯಾಸಗಳನ್ನು ಕುರಿತ 1868ರ ಗ್ರಂಥದಲ್ಲಿ ಇದನ್ನು ವಿವರಿಸಿ, 1600ಕ್ಕೂ ಮೊದಲೇ ಈ ತಳಿ ಭಾರತದಲ್ಲಿತ್ತೆಂಬುದಕ್ಕೆ ‘ಐನ್’ ಅನ್ನೇ ಸಾಕ್ಷಿಯಾಗಿ ಕೊಡುತ್ತಾನೆ. ಅವನ ವಿವರಣೆಯ ಒಂದು ಅಂಶ ಮುಖ್ಯವಾದದ್ದು. ಉರುಳುತ್ತಿರುವ ಹಕ್ಕಿಯನ್ನು ಸಾಕಿದವನು ಕೈಗೆತ್ತಿಕೊಂಡು ಮುಖಕ್ಕೆ ಉಸಿರು ಊದಿ ಸಂತೈಸಬೇಕು. ಎತ್ತಿಕೊಳ್ಳದೆ ಬಿಟ್ಟರೆ ಅದು ಉರುಳುತ್ತಲೇ ಸಾಯುತ್ತದೆ. ಉರುಳುವುದು ಹಕ್ಕಿಗೆ ವಂಶದಿಂದ ಬಂದದ್ದು, ಯಾರೂ ಕಲಿಸಬೇಕಾಗಿಲ್ಲ. ಸಾಕುವವನ ವಿದ್ಯೆಯೆಲ್ಲ ಇರುವುದು ಅದನ್ನು ನಿಲ್ಲಿಸುವುದರಲ್ಲಿ.

ಆಕಾಶದಲ್ಲಿ ಲಾಗ ಹಾಕುವ ತಳಿಗಳಿಗೂ ಈ ಮಾತು ಸಲ್ಲುತ್ತದೆ. ಹಾರಲು ಕಲಿತ ಮರಿ ಒಡನೆಯೇ ಲಾಗ ಹಾಕುವುದಿಲ್ಲ. ಆ ಗುಣ ತಡವಾಗಿ ಕಾಣಿಸಿಕೊಳ್ಳುತ್ತದೆ, ಕೆಲವದರಲ್ಲಿ ಮಿತಿಮೀರುತ್ತದೆ. ಮಿತಿಮೀರಿದ ಹಕ್ಕಿ ಉರುಳುತ್ತಲೇ ಇಳಿದು ಮಾಳಿಗೆಗೋ ನೆಲಕ್ಕೋ ಬಡಿಯುತ್ತದೆ. ಆದ್ದರಿಂದ ಬಲ್ಲವರು ಅತಿಯಾಗಿ ಉರುಳುವ ಎರಡನ್ನು ಜೋಡಿ ಮಾಡದೆ, ಹಿಡಿತವುಳ್ಳ ಹಕ್ಕಿಯೊಂದಿಗೆ ಕೂಡಿಸುತ್ತಾರೆ. ಎರಡು ಮೊಟ್ಟೆ, ಸುಮಾರು 18 ದಿನಗಳ ಕಾವು. ಹಗಲಿನ ಬಹುಭಾಗ ಗಂಡು, ರಾತ್ರಿ ಹೆಣ್ಣು ಕೂರುತ್ತದೆ. ಮರಿಗೆ ಮೊದಲ ದಿನಗಳಲ್ಲಿ ತಾಯಿತಂದೆ ಎರಡೂ ಗಂಟಲಚೀಲದಲ್ಲಿ ಒಸರುವ ಹಾಲನ್ನು ಉಣಿಸುತ್ತವೆ. ಪುಕ್ಕ ಉದುರುವ ಕಾಲದಲ್ಲಿ ಹಾರಿಸುವುದಿಲ್ಲ. ಕಾಳು ಹಾಕುವುದು ಹಾರಿ ಬಂದ ಮೇಲೆ, ಏಕೆಂದರೆ ಹೊಟ್ಟೆ ತುಂಬಿದ ಹಕ್ಕಿ ಸಿಳ್ಳೆಗೆ ಇಳಿಯುವುದಿಲ್ಲ. ಬೆಂಗಳೂರಿನ ಹಳೆಯ ಬಡಾವಣೆಗಳ ಮಾಳಿಗೆಗಳಲ್ಲಿ ಇಂದಿಗೂ ಪಾರಿವಾಳದ ಗೂಡುಗಳಿವೆ. ಇಂಥ ತಿಳಿವಳಿಕೆ ಅಲ್ಲಿ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ದಾಟುತ್ತಿದೆ, ಬರಹಕ್ಕಿಳಿದದ್ದು ಅತ್ಯಲ್ಪ.

ಬರಹಕ್ಕಿಳಿದಾಗಲೂ ಯಾರ ಹೆಸರು ಉಳಿಯುತ್ತದೆ ಎಂಬುದು ಬೇರೆಯೇ ಪ್ರಶ್ನೆ. 1859ರ ತನ್ನ ಪ್ರಸಿದ್ಧ ಕೃತಿಯಲ್ಲಿ ಡಾರ್ವಿನ್, ಭಾರತದಿಂದ ಪಾರಿವಾಳದ ಚರ್ಮಗಳನ್ನು ಒದಗಿಸಿದ ವಾಲ್ಟರ್ ಎಲಿಯಟ್ಟನನ್ನು ಸ್ಮರಿಸುತ್ತಾನೆ. ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದು ನಮ್ಮ ನೂರಾರು ಶಾಸನಗಳನ್ನು ಪ್ರತಿ ಮಾಡಿಸಿದ ಎಲಿಯಟ್ಟನೇ ಈತ. ಆ ಶಾಸನಗಳಲ್ಲಿ ಬರೆದವನ, ಕಂಡರಿಸಿದವನ ಹೆಸರುಗಳು ಎಷ್ಟೋ ಕಡೆ ಉಳಿದಿವೆ. ಆ ಪಾರಿವಾಳಗಳನ್ನು ಸಾಕಿದವರ ಹೆಸರು ಡಾರ್ವಿನ್ನನ ಪುಟದಲ್ಲಿಲ್ಲ. ಈ ಒಂದು ವಿಷಯದಲ್ಲಿ ಅಬುಲ್ ಫಜಲನೇ ಮೇಲು: ಬುಖಾರಾದ ಕುಲ್ ಅಲಿ, ಸಮರಖಂಡದ ಮಸ್ತಿ, ಹೀರಾನಂದ ಎಂದು ಅವನು ಪಾರಿವಾಳ ಸಾಕುವವರನ್ನು ಹೆಸರಿಸಿಯೇ ಬರೆದಿದ್ದಾನೆ.