ಕಣ್ವದ ಕಡ್ಡಿ, ಕೊಳೆತ ಬೇರು

ರಾಮನಗರ ಸೀಮೆಯ ರೇಷ್ಮೆಯ ಚರಿತ್ರೆಯನ್ನು ಟಿಪ್ಪುವಿನಿಂದ ಆರಂಭಿಸಿ ಗೂಡಿನ ಮಾರುಕಟ್ಟೆಗೆ ತಂದು ನಿಲ್ಲಿಸುವುದು ರೂಢಿ. ಹುಳುವಿನ ಕಥೆ ಸಿಗುತ್ತದೆ, ನೂಲಿನ ಕಥೆ ಸಿಗುತ್ತದೆ. ಹಿಪ್ಪುನೇರಳೆಯ ಬೇರಿನ ಕಥೆ ಮಣ್ಣಿನಲ್ಲೇ ಉಳಿಯುತ್ತದೆ. ಮಳೆಯನ್ನು ನಂಬಿದ ಹೊಲಗಳಲ್ಲಿ ಹಿಂದೆ ಇದ್ದದ್ದು ಮೈಸೂರು ಲೋಕಲ್ ಗಿಡ. ಚನ್ನಪಟ್ಟಣ ತಾಲ್ಲೂಕಿನ ಕಣ್ವದ ಸರ್ಕಾರಿ ಫಾರಂನಲ್ಲಿ ಆಯ್ದು ತೆಗೆದ ಕಣ್ವ-2, ಅಂದರೆ ಎಂ-5, ನೀರಾವರಿ ತೋಟಗಳಿಗೆ ಇಳಿಯಿತು. 1997ರಲ್ಲಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಿಂದ ವಿ-1 ಬಂದಿತು. ಸೊಪ್ಪಿನ ಇಳುವರಿ ಏರಿತು. ಜೊತೆಗೆ ಒಂದೇ ತಳಿಯ ಕಡ್ಡಿ, ಒತ್ತು ಸಾಲು, ಕೊಳವೆಬಾವಿಯ ನೀರು, ವರ್ಷಕ್ಕೆ ಐದು ಕಟಾವು ಬಂದವು. ಬೇರಿಗೆ ಬಿಡುವೇ ಇಲ್ಲದಾಯಿತು. ಹಸಿರಾಗಿದ್ದ ಗಿಡ ಇದ್ದಕ್ಕಿದ್ದಂತೆ ಸೊರಗುವುದು, ಎಳೆದರೆ ತೊಗಟೆ ಕೊಳೆತು ಕಪ್ಪಾದ ಬೇರಿನೊಂದಿಗೆ ಕಿತ್ತುಬರುವುದು ಈ ಬೇಸಾಯದ ದೊಡ್ಡ ಭಯವಾದದ್ದು ಆಕಸ್ಮಿಕವಲ್ಲ.

ಬೇರುಕೊಳೆಗೆ ಔಷಧಿಯೊಂದನ್ನೇ ನಂಬುವ ಅಭ್ಯಾಸಕ್ಕೂ ಒಂದು ಹಿನ್ನೆಲೆ ಇದೆ. 1908ರಲ್ಲಿ ಮೈಸೂರಿಗೆ ಬಂದ ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣದಿಂದ ಹಿಡಿತಕ್ಕೆ ತಂದರು. ಆ ಗೆಲುವು ನಿಜವಾದದ್ದು. ಆದರೆ ಅಲ್ಲಿ ರೋಗ ಗೊನೆಯ ಮೇಲಿತ್ತು, ಸಿಂಪಡಿಸಿದ್ದು ಅದಕ್ಕೆ ತಗುಲುತ್ತಿತ್ತು. ಹಿಪ್ಪುನೇರಳೆಯ ಬೇರು ಕೊಳೆಸುವ ಫ್ಯುಸೇರಿಯಂ, ಮ್ಯಾಕ್ರೋಫೋಮಿನಾ ಶಿಲೀಂಧ್ರಗಳು ಆಶ್ರಯ ಗಿಡವಿಲ್ಲದಿದ್ದರೂ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಬೇರುಗಂಟು ಜಂತು ಮಾಡಿದ ಗಾಯ ಅವಕ್ಕೆ ಬಾಗಿಲು. ಸುರಿದ ಔಷಧಿಯ ಶಕ್ತಿ ದಿನ ಕಳೆದಂತೆ ಕುಂದುತ್ತದೆ, ಶತ್ರು ಉಳಿಯುತ್ತದೆ. ಅಲ್ಲಿ ಕಾವಲಿಗೆ ಬೇಕಾದದ್ದು ತಾನೇ ಬೆಳೆಯುವ ಜೀವಿ. ಟ್ರೈಕೋಡರ್ಮಾ ಎಂಬ ಶಿಲೀಂಧ್ರ ಬೇರೆ ಶಿಲೀಂಧ್ರಗಳನ್ನು ಸುತ್ತಿ ತಿನ್ನುವುದನ್ನು ಸಸ್ಯರೋಗ ವಿಜ್ಞಾನಿ ರಿಚರ್ಡ್ ವೈಂಡ್ಲಿಂಗ್ 1932ರಲ್ಲೇ ತೋರಿಸಿದ್ದರು. ಮೈಸೂರು ಸಂಸ್ಥೆಯ ‘ರಕ್ಷಾ’ ಎಂಬ ಜೈವಿಕ ಶಿಲೀಂಧ್ರನಾಶಕದಲ್ಲಿರುವುದು ಅದೇ ಕುಲದ ಟ್ರೈಕೋಡರ್ಮಾ ಹಾರ್ಜಿಯಾನಂ.

ಔಷಧಿ ಹಾಕಿದರೆ ಈ ಮಿತ್ರನೂ ಸಾಯುವುದಿಲ್ಲವೇ ಎಂಬ ಆಕ್ಷೇಪ ಗಟ್ಟಿಯಾದದ್ದೇ. ಶಿಲೀಂಧ್ರನಾಶಕಗಳಲ್ಲಿ ಕಾರ್ಬೆಂಡಾಜಿಂ ಎದುರು ಟ್ರೈಕೋಡರ್ಮಾ ನಿಲ್ಲಲಾರದು, ಮ್ಯಾಂಕೋಜೆಬ್ ಅನ್ನು ಅದಕ್ಕಿಂತ ಚೆನ್ನಾಗಿ ತಾಳುತ್ತದೆ. ಆದ್ದರಿಂದ ಪ್ರಶ್ನೆ ಎರಡರಲ್ಲಿ ಯಾವುದು ಎಂಬುದಲ್ಲ, ಯಾವುದು ಯಾವಾಗ ಎಂಬುದು. ಸತ್ತ ಗಿಡವನ್ನು ಬೇರುಸಹಿತ ಕಿತ್ತು ಸುಟ್ಟು, ಗುಂಡಿಗೆ ಔಷಧಿ ಸುರಿದು, ಅದರ ಕಾವು ಇಳಿಯುವವರೆಗೆ ಬಿಟ್ಟು, ಆಮೇಲೆ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿಯಲ್ಲಿ ಬೆಳೆಸಿದ ಟ್ರೈಕೋಡರ್ಮಾ ಕೊಡುವುದು ಒಂದು ಕ್ರಮ. ಔಷಧಿಯನ್ನು ಪೂರ್ತಿ ಬಿಡೋಣ ಎನ್ನುವವರ ಕಾಳಜಿ ನನಗೂ ಇದೆ, ಇಲ್ಲಿ ಸೊಪ್ಪು ತಿನ್ನುವುದು ವಿಷಕ್ಕೆ ಬಲು ಸೂಕ್ಷ್ಮವಾದ ಹುಳು. ಆದರೆ ರೋಗ ಮುತ್ತಿದ ಗುಂಡಿಯಲ್ಲಿ ಗೊಬ್ಬರದ ಮಿತ್ರ ಹಬ್ಬುವಷ್ಟರಲ್ಲಿ ಪಕ್ಕದ ಬುಡಕ್ಕೂ ಕೊಳೆ ದಾಟಿರುತ್ತದೆ. ಅದನ್ನು ತಡೆಯಲು ಔಷಧಿ ಬೇಕಾದದ್ದು ಆ ಗುಂಡಿಗೆ, ಆ ಒಂದು ಸಲಕ್ಕೆ, ಇಡೀ ತೋಟಕ್ಕಲ್ಲ.