ಮೂರ್ಛೆರೋಗಿಗೆ ಮುಚ್ಚಿದ್ದ ಬಾಗಿಲು



ಮಾರ್ಕನ ಶುಭಸಂದೇಶದ 9ನೇ ಅಧ್ಯಾಯದಲ್ಲಿ, ನೊರೆ ಸುರಿಸುತ್ತಾ ನೆಲಕ್ಕೆ ಬಿದ್ದ ಬಾಲಕನನ್ನು ಯೇಸುಸ್ವಾಮಿ ಕೈಹಿಡಿದು ಎಬ್ಬಿಸಿದರು. ಆದರೆ ನಮ್ಮ ಧರ್ಮಸಭೆಯೇ 1917ರ ಕಾನೂನು ಸಂಹಿತೆಯಲ್ಲಿ ಮೂರ್ಛೆರೋಗಿಗಳಿಗೆ ಯಾಜಕದೀಕ್ಷೆಯನ್ನು ತಡೆದಿತ್ತೆಂದು ನಾವು ಒಪ್ಪಿಕೊಳ್ಳಬೇಕು. 1983ರ ಸಂಹಿತೆ ಆ ಮಾತನ್ನು ಕೈಬಿಟ್ಟಿತು. 1976ರಲ್ಲಿ ಹಿಂದೂ ವಿವಾಹ ಕಾಯಿದೆಗೂ ಮದುವೆಯ ಅಡ್ಡಿಯಾಗಿ ಈ ರೋಗ ಸೇರಿತ್ತು; 1999ರಲ್ಲಿ ಅದನ್ನು ತೆಗೆದರು.

ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ನಡೆಸಿ, 2001ರಲ್ಲಿ ಪ್ರಕಟಿಸಿದ ಅಧ್ಯಯನ, ಕಡಿಮೆ ಬೆಲೆಯ ಮಾತ್ರೆಗಳಿಂದಲೇ ಹಳ್ಳಿಯಲ್ಲೂ ಫಿಟ್ಸ್ ಹತೋಟಿಗೆ ಬರುತ್ತದೆಂದು ತೋರಿಸಿತು.

ಕಾನೂನು ಬದಲಾಯಿತು, ಮಾತ್ರೆ ಬಂತು. ನಮ್ಮ ಮನಸ್ಸು? ತೆಂಗಳಿಯಾಗಲಿ, ಸೇಡಂ ಆಗಲಿ, ಮಗಳ ರೋಗವನ್ನು ಮುಚ್ಚಿಟ್ಟು ಮದುವೆ ಮಾಡಿದರೆ ಗಂಡನ ಮನೆಯಲ್ಲಿ ಅವಳು ಮಾತ್ರೆ ನುಂಗಲೂ ಅಂಜುತ್ತಾಳೆ. ಬಿದ್ದವರ ಕೈಗೆ ಕಬ್ಬಿಣ ಬೇಡ. ಮಗ್ಗುಲಾಗಿ ಮಲಗಿಸಿ, ಎಚ್ಚರವಾಗುವವರೆಗೆ ಪಕ್ಕದಲ್ಲಿರೋಣ. ಆಮೇಲೆ ಸ್ವಾಮಿಯಂತೆ ಕೈಹಿಡಿದು ಎಬ್ಬಿಸೋಣ.